ಎತ್ತಿ ಹಾಕುವ ಬಾಗಿಲು

ಜನವರಿ ೪

ಕೆಂಪಿಯ ಮೇಲಿನ ಟಾರ್ಪಾಲನ್ನು ಮಗಳು ಇವತ್ತು ಎಳೆದು ಹಾಕಿದಳು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಎರಡು ಬಾಗಿಲಿನ ಕೆಂಪು ಕಾರು, ನಮ್ಮ ಮದುವೆಗಿಂತ ಹಳೆಯದು. ಇವರು ವರ್ಷ ವರ್ಷ ಅದರಲ್ಲಿ ಬೆಟ್ಟದ ಓಟಕ್ಕೆ, ಕಾರುಗಳು ಒಂದೊಂದಾಗಿ ಬೆಟ್ಟ ಹತ್ತುವ ಪಂದ್ಯಕ್ಕೆ, ಹೋಗುತ್ತಿದ್ದರು. ಓಡಿಸುವುದು ಇವರು, ಮುರಿದದ್ದನ್ನು ಬೆಸೆಯುವುದು ನಾನು. ಹಿತ್ತಲಿನ ಶೆಡ್ಡಿನಲ್ಲಿರುವ ವೆಲ್ಡಿಂಗ್ ಮೆಷಿನ್ನು ನನ್ನದು, ನಡುಮನೆಯಲ್ಲಿರುವ ಬಹುಮಾನದ ಕಪ್ಪುಗಳು ಇವರವು. ಲಕ್ವ ಹೊಡೆದು ಇವರ ಬಲಗೈ, ಬಲಗಾಲು, ಮಾತು ಮೂರೂ ಹೋದ ಮೇಲೆ ನಾನೇ ಟಾರ್ಪಾಲು ಹೊದಿಸಿದ್ದೆ. ಗಂಡನಿಗೆ ಹೀಗಾಯಿತಲ್ಲ ಎಂದು ಅಳುತ್ತಲೇ ಹೊದಿಸಿದೆ, ಆದರೆ ಒಳಗೊಳಗೆ, ಸದ್ಯ, ಈ ಗಾಡಿಯ ಕಾಟ ಮುಗಿಯಿತು ಎಂದೂ ಅನಿಸಿತ್ತು. ಇದನ್ನು ಯಾರಿಗೆ ಹೇಳಲಿ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

"ಏಪ್ರಿಲ್‌ನಲ್ಲಿ ಬೆಟ್ಟದ ಓಟ ಇದೆ. ಹೆಸರು ಕೊಟ್ಟಾಯ್ತು," ಅಂದಳು.

"ಯಾರನ್ನ ಕೇಳಿ ಕೊಟ್ಟೆ?"

"ಅಪ್ಪನ್ನ."

ಇವರ ಕಡೆ ತಿರುಗಿದೆ. ನೀರು ಬೇಕು ಅನ್ನುವುದಕ್ಕೆ ಬಾಯಿ ತಡಕಾಡುವ ಮನುಷ್ಯ, ಇದಕ್ಕೆ ಮಾತ್ರ ಸಲೀಸಾಗಿ ಹೂಂ ಅಂದುಬಿಟ್ಟಿದ್ದಾರೆ! ಕುರ್ಚಿಯಲ್ಲಿ ಕೂತು ಛಾವಣಿ ನೋಡುತ್ತಿದ್ದರು.

ಮಗಳು ಚಿಕ್ಕಂದಿನಲ್ಲಿ ಒಣಕಲು, ಅದಕ್ಕೇ ಅವಳನ್ನು ಕಡ್ಡಿ ಎಂದೇ ಕರೆಯುವುದು. ಈಗ ಕನ್ನಡಕದ ಅಂಗಡಿಯಲ್ಲಿ ಬಂದವರ ಕಣ್ಣು ಪರೀಕ್ಷೆ ಮಾಡುತ್ತಾಳೆ. ಊರವರ ಕಣ್ಣಿನಲ್ಲಿ ಏನಿದೆ ಎಂದು ಕಾಣುತ್ತದೆ, ಹೆತ್ತವಳ ಕಣ್ಣಿನಲ್ಲಿರುವುದು ಮಾತ್ರ ಕಾಣುವುದಿಲ್ಲ.

ಜನವರಿ ೫

ಕಡ್ಡಿ ಗಾಡಿಯಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಅದು ಹಾಕಿಕೊಳ್ಳಲಿಲ್ಲ. ಮತ್ತೆ ಎಳೆದಳು, ಢಬ್ ಎಂದು ಬಡಿದು ವಾಪಸು ಬಂತು.

ಬಲಗಡೆಯ ಬಾಗಿಲು ಹಾಗೇ. ಬಾಡಿ ನಡುವೆ ಕುಸಿದು ಬಾಗಿಲಿನ ಹಿಂಬದಿ ಜೋತುಬಿದ್ದಿದೆ. ಹೊರಗೆ ನಿಂತು, ಹಿಡಿಯ ಕೆಳಗೆ ಕೈ ಕೊಟ್ಟು, ಒಂದಿಷ್ಟು ಎತ್ತಿ ನೂಕಬೇಕು. ಆ ಹದ ನನ್ನ ಕೈಗೆ ಮಾತ್ರ ಗೊತ್ತು. ಇಷ್ಟು ವರ್ಷ ಇವರು ಬೆಟ್ಟ ಹತ್ತಿದಾಗೆಲ್ಲ ಬಾಗಿಲು ಹಾಕಿ ಕಳಿಸಿದವಳು ನಾನೇ. ಬೋಳು ತಿರುವಿನಲ್ಲಿ ಗಾಡಿ ರಸ್ತೆ ಬಿಟ್ಟು, ಹಿಂದಿನ ಒಂದು ಚಕ್ರ ಪ್ರಪಾತದ ಮೇಲೆ ತಿರುಗುತ್ತಾ ನಿಂತ ವರ್ಷವೂ ನಾನೇ ಹಾಕಿದ್ದೆ. ಆ ತಿರುವಿಗೆ ಗೋಡೆಯಿಲ್ಲ, ಮರವಿಲ್ಲ, ಅದಕ್ಕೇ ಆ ಹೆಸರು. ಇವರು ನಗುತ್ತಾ ಇಳಿದು ಬಂದಿದ್ದರು. ನಾನು ಕಣ್ಣಾರೆ ನೋಡದ ಆ ಚಕ್ರ ಇವತ್ತಿಗೂ ನನಗೆ ಕಣ್ಣು ಮುಚ್ಚಿದರೆ ತಿರುಗುತ್ತದೆ.

"ಅಮ್ಮಾ, ಹಾಕಮ್ಮ ಬಾಗಿಲು," ಅಂದಳು.

ಹಾಕಲಿಲ್ಲ. ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಸುಳ್ಳು ಹೇಳಿ ಒಳಗೆ ಬಂದೆ.

ಜನವರಿ ೧೧

ಗಾಡಿ ಸರಿ ಮಾಡಿಕೊಡಲು ಒಪ್ಪಿಕೊಂಡೆ. ಸಂತೋಷಕ್ಕಲ್ಲ. "ನೀನು ಮಾಡಿಕೊಡಲ್ಲ ಅಂದ್ರೆ ಬೇರೆ ಕಡೆ ಮಾಡಿಸ್ಕೋತೀನಿ," ಅಂದಳಲ್ಲ, ಅದಕ್ಕೆ. ಬೇರೆಯವರ ವೆಲ್ಡಿಂಗನ್ನು ನಂಬಿ ಇವಳನ್ನು ಆ ತಿರುವಿಗೆ ಕಳಿಸಲೇ? ಹೆದರುವವರ ಮೇಲೆ ಕಪ್ಪೆ ಎಸೆಯುವುದು ಎಂದರೆ ಇದೇ.

ಬೆಳಗ್ಗೆ ಮುಂದಿನ ಒಂದು ಮೂಲೆಗೆ ಜಾಕ್ ಕೊಟ್ಟು ನೋಡಿದೆ. ಗಟ್ಟಿ ಗಾಡಿಯಾದರೆ ಅದೇ ಬದಿಯ ಹಿಂದಿನ ಚಕ್ರವೂ ಬೇಗ ನೆಲ ಬಿಡಬೇಕು. ಕೆಂಪಿ ಬಿಡಲಿಲ್ಲ. ಹಗ್ಗ ಸಡಿಲವಾದ ಮಂಚದಂತೆ ತಿರುಚಿಕೊಂಡಳು. ಈ ಗಾಡಿಗೆ ಚಾಸಿ ಅನ್ನುವ ಬೇರೆ ಚೌಕಟ್ಟಿಲ್ಲ, ಬಾಡಿಯೇ ಚಾಸಿ. ಬಾಗಿಲುಗಳ ಕೆಳಗೆ ಉದ್ದಕ್ಕೆ ಓಡುವ ತಗಡಿನ ಪೆಟ್ಟಿಗೆ, ಸಿಲ್ ಅನ್ನುತ್ತೇವೆ, ಅದೇ ಬೆನ್ನುಮೂಳೆ. ಸ್ಕ್ರೂಡ್ರೈವರಿನಿಂದ ಚುಚ್ಚಿದೆ. ಬಲಗಡೆ ತುಕ್ಕು ತಿಂದು, ಸೀದಾ ಒಳಗೆ ಹೋಯಿತು. ಇಷ್ಟು ವರ್ಷ ಇವರನ್ನು ಇದರ ಮೇಲೆ ಕೂರಿಸಿ ಕಳಿಸಿದ್ದೇನಲ್ಲ!

ಜನವರಿ ೨೫

ಎಡಗಡೆಯ ಸಿಲ್ ಮುಗಿಯಿತು. ಕಂಪನಿಯವರು ತಗಡಿಗೆ ತಗಡು ಸೇರಿಸುವಾಗ ಅಲ್ಲೊಂದು ಇಲ್ಲೊಂದು ಚುಕ್ಕಿ ಬೆಸುಗೆ ಹಾಕಿರುತ್ತಾರೆ. ನಾನು ಚುಕ್ಕಿಗಳ ನಡುವೆಯೂ ತುಂಬಿಸುತ್ತಿದ್ದೇನೆ, ಇಲ್ಲಿಷ್ಟು, ಬಿಟ್ಟು ಅಲ್ಲಿಷ್ಟು. ಒಂದೇ ಕಡೆ ಬಿಸಿಯಾದರೆ ತಗಡು ಸೊಟ್ಟಗಾಗುತ್ತದೆ. ಮುಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳ ತಲೆಗಳ ನಡುವೆ ಒಂದು ಅಡ್ಡ ಪೈಪನ್ನೂ ಕೂರಿಸಿದೆ.

ಇವರು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ದಿನವಿಡೀ ನೋಡುತ್ತಾರೆ. ಮೈದುನ ಬಂದಿದ್ದ. "ಏನಣ್ಣಾ, ಅತ್ತಿಗೆ ಕೆಲಸ ಮಾಡ್ತಾರೆ, ನೀನು ಮೇಸ್ತ್ರಿ ಥರ ಕೂತಿದೀಯ?" ಅಂದ. ಇವರು ನಕ್ಕರು. ಅರ್ಧ ಮುಖದ ನಗು. ನನಗೆ ನಗು ಬರಲಿಲ್ಲ.

ಫೆಬ್ರವರಿ ೨

ಮಾಡಬಾರದ್ದನ್ನು ಮಾಡಿದೆ.

ಸಿಲ್ ಕತ್ತರಿಸುವ ಮೊದಲು ಬಾಗಿಲಿನ ಬಾಯಿಗೆ ಅಡ್ಡಲಾಗಿ ಪೈಪು ಬೆಸೆಯಬೇಕು. ಇಲ್ಲದಿದ್ದರೆ ಬೆನ್ನುಮೂಳೆ ತೆಗೆದ ಮೈ ಕುಸಿಯುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಬೆಸೆದೂ ಇದ್ದೆ. ಆದರೆ ಬಲಗಡೆ ಕತ್ತರಿಸುತ್ತಾ ಹೋದಂತೆ ಒಳಗೆ ತುಕ್ಕು ಕಂಡಿತು. ಇನ್ನಷ್ಟು ಕತ್ತರಿಸಿದೆ. ಅಲ್ಲೂ ತುಕ್ಕಿದೆ ಅನಿಸಿತು. ಇದೇ ಜಾಗದಲ್ಲಿ ಅವಳು ಕೂರುತ್ತಾಳೆ, ಇದೇ ಜಾಗ ಬಂಡೆಗೆ ಬಡಿದರೆ ಎಂದುಕೊಳ್ಳುತ್ತಾ ಒಳ್ಳೆಯ ಕಬ್ಬಿಣವನ್ನೂ ಕತ್ತರಿಸಿದೆ. ಕೊನೆಗೆ ಆಸರೆಯ ಪೈಪು ಊರಿದ್ದ ತಗಡನ್ನೇ ಕತ್ತರಿಸಿಬಿಟ್ಟೆ. ಗಾಡಿ ಸಣ್ಣಗೆ ಕಿರ್ ಅಂದಿತು. ಕಬ್ಬಿಣ ಕತ್ತರಿಸುವ ಗ್ರೈಂಡರಿನ ಸದ್ದಿನಲ್ಲಿ ಕೇಳಿಯೂ ಕೇಳದವಳಂತೆ ಹೊಸ ಸಿಲ್ ಇಟ್ಟು ಬೆಸೆದೆ.

ಸಂಜೆ ಬಾಗಿಲು ಕೂರಿಸಿ ನೋಡಿದೆ. ಮೊದಲಿಗಿಂತ ಹೆಚ್ಚು ಜೋತಿದೆ. ಹಳೆಯ ರೋಗವನ್ನೇ ಹೊಸ ಕಬ್ಬಿಣದಲ್ಲಿ ಗಟ್ಟಿ ಮಾಡಿ ಕೊಟ್ಟಿದ್ದೇನೆ.

ಫೆಬ್ರವರಿ ೩

ಯಾರಿಗೂ ಹೇಳಲಿಲ್ಲ. ಇವರು ಬಾಗಿಲು ಹಾಕು ಎಂದು ಕೈ ತೋರಿಸಿದರು. ಎತ್ತಿ ಹಾಕಿದೆ, ಮಂಡಿಯನ್ನೂ ಕೊಟ್ಟು. ಇವರು ತಲೆ ಓರೆ ಮಾಡಿ ಆ ಸದ್ದು ಕೇಳಿದರು.

"ಎ... ಎತ್ತಿದೆ," ಅಂದರು.

"ಹಳೇ ಬಾಗಿಲು ಅಲ್ವಾ. ಹಾಗೇ ಅದು," ಅಂದೆ.

ನನ್ನನ್ನೇ ನೋಡುತ್ತಾ ಕೂತರು. ನಾನು ಗ್ರೈಂಡರ್ ಹಾಕಿದೆ. ಗ್ರೈಂಡ್ ಮಾಡುವಂಥದ್ದು ಏನೂ ಇರಲಿಲ್ಲ.

ಫೆಬ್ರವರಿ ೭

ಕಡ್ಡಿ ಫೋನಿನಲ್ಲಿ ಓಟದ ನಿಯಮಗಳನ್ನು ಓದಿ ಹೇಳುತ್ತಿದ್ದಳು. ಹೆಲ್ಮೆಟ್ಟು ಹೀಗಿರಬೇಕು, ಬೆಲ್ಟು ಹೀಗಿರಬೇಕು. ಆಮೇಲೆ: ಒಳಗೆ ಕೂತವರು ಯಾರ ಸಹಾಯವೂ ಇಲ್ಲದೆ ಬಾಗಿಲು ಹಾಕಿ ತೆಗೆಯುವಂತಿರಬೇಕು. ಇಲ್ಲದಿದ್ದರೆ ತಪಾಸಣೆಯಲ್ಲೇ ಗಾಡಿ ವಾಪಸು.

"ಹೊಸ ನಿಯಮ ಅಂತೆ. ನಮ್ದು ಸರಿ ಹೋಗತ್ತೆ ಅಲ್ವಾಮ್ಮ?"

"ನೋಡೋಣ," ಅಂದೆ.

ನೋಡುವುದೇನು? ನಾನು ಏನೂ ಮಾಡದಿದ್ದರೆ ಸಾಕು. ಬೇಡ ಅಂದವಳು ಎನ್ನಿಸಿಕೊಳ್ಳಬೇಕಿಲ್ಲ, ಜಗಳವಿಲ್ಲ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ತಪಾಸಣೆಯವರೇ ನನ್ನ ಮಗಳನ್ನು ಮನೆಗೆ ಕಳಿಸುತ್ತಾರೆ. ತಿಂಗಳಿಂದೀಚೆಗೆ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ.

ಫೆಬ್ರವರಿ ೧೪

ಊಟ ಮಾಡಿದ್ದು ಜೀರ್ಣವಾಗಲಿಲ್ಲ.

"ತಪಾಸಣೇಲಿ ವಾಪಸ್ ಕಳಿಸಿದ್ರೆ?" ಎಂದು ಮೆಲ್ಲಗೆ ಕೇಳಿದೆ, ಸುಮ್ಮನೆ ಮಾತಿಗೆ ಅನ್ನುವಂತೆ.

"ಕಳಿಸಿದ್ರೆ ಕಳಿಸಲಿ. ನನ್ನ ಗೆಳತಿಯ ಅಣ್ಣನ ಗಾಡಿ ಇದೆ. ಅವನಿಗೆ ಆ ವಾರ ಬಿಡುವಿಲ್ಲ, ನೀನೇ ಓಡಿಸು ಅಂದಿದಾನೆ."

"ಯಾರು ಕೆಲಸ ಮಾಡಿರೋದು ಅದರದ್ದು?"

"ಯಾರೋ. ನಂಗೇನು ಗೊತ್ತು?"

ಯಾರೋ! ಸಂಜೆ ಆ ಗಾಡಿಯ ಫೋಟೋ ತೋರಿಸಿದಳು. ಬೆಸುಗೆಯ ಮೇಲೆ ದಪ್ಪಗೆ ಬಣ್ಣ ಬಳಿದಿದ್ದರು. ಒಳ್ಳೆಯ ಬೆಸುಗೆಗೆ ಯಾರೂ ಅಷ್ಟು ದಪ್ಪ ಬಣ್ಣ ಬಳಿಯುವುದಿಲ್ಲ. ನಾನು ಮುಚ್ಚಿದ ದಾರಿ ಒಂದೇ, ಅವಳಿಗೆ ನೂರು ದಾರಿ.

ಫೆಬ್ರವರಿ ೧೫

ಬೆಳಗ್ಗೆ ಟೀ ಕೊಡುವಾಗ ಇವರಿಗೆ ಹೇಳಿಬಿಟ್ಟೆ. "ಬಲಗಡೆ ಸಿಲ್ ಕೆಡಿಸಿದೀನಿ. ಹನ್ನೆರಡು ದಿನದಿಂದ ಮುಚ್ಚಿಟ್ಟಿದೀನಿ."

"ಗೊ... ಗೊತ್ತು," ಅಂದರು.

"ಗೊತ್ತಿದ್ದೂ ಸುಮ್ನಿದ್ರಾ?"

ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು, "ನಂಗೂ... ಭಯ," ಅಂದರು.

ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಮನುಷ್ಯನ ಬಾಯಲ್ಲಿ ಆ ಮಾತು ಕೇಳಿದ್ದು ಇದೇ ಮೊದಲು. ಆಮೇಲೆ ಹೋಗಿ ಹೊಸ ಸಿಲ್ಲನ್ನು ಕತ್ತರಿಸಿ ತೆಗೆದೆ.

ಫೆಬ್ರವರಿ ೨೮

ಅಡ್ಡಕ್ಕೆ ಎರಡು ಪೈಪು, ಮೂಲೆಯಿಂದ ಮೂಲೆಗೆ ಇನ್ನೊಂದು. ಗಾಡಿಯ ನಡುವಿಗೆ ಮರದ ದಿಮ್ಮಿ ಇಟ್ಟು ಜಾಕಿನಿಂದ ಎತ್ತುತ್ತಾ ಬಂದೆ. ಪ್ರತಿ ಸಲ ಜಾಕಿನ ಹಿಡಿ ಒತ್ತಿ ಬಾಗಿಲಿನ ಸಂದಿ ನೋಡುವುದು. ಮೇಲೆ ಕೆಳಗೆ ಒಂದೇ ಅಳತೆಗೆ ಬಂದಾಗ ನಿಲ್ಲಿಸಿ ಬೆಸೆದೆ. ಆರಲು ಬಿಟ್ಟೆ. ಅವಸರ ಮಾಡಲಿಲ್ಲ.

ಇವತ್ತು ಪೈಪುಗಳನ್ನು ಬಿಡಿಸಿದೆ. ಬಾಗಿಲು ಕೂರಿಸಿ ಹಿಡಿಯ ಕೆಳಗೆ ಕೈ ಕೊಡುವ ಮೊದಲೇ ಅದು ತನ್ನಷ್ಟಕ್ಕೇ ಹೋಗಿ ಟಕ್ ಎಂದು ಕೂತಿತು. ನಾಲ್ಕು ಸಲ ತೆಗೆದು ಹಾಕಿದೆ. ಇವರು ಅರ್ಧ ಮುಖದಲ್ಲಿ ನಕ್ಕರು.

ಖುಷಿಯಾಗಬೇಕಿತ್ತು. ಎತ್ತುವ ಕೆಲಸವಿಲ್ಲದ ಕೈ ಸುಮ್ಮನೆ ತೂಗಾಡಿದಂತಾಯಿತು.

ಮಾರ್ಚ್ ೮

ಇನ್ನು ಗಾಡಿಯ ಕಾಲುಗಳ ಕೆಲಸ, ಚಕ್ರಗಳ ಮೇಲಿನ ಶಾಕ್ ಅಬ್ಸಾರ್ಬರ್, ಸ್ಪ್ರಿಂಗು. ಹೊಸ ಶಾಕ್‌ಗಳು ಬಂದಿವೆ, ತಿರುಪು ತಿರುಗಿಸಿದಂತೆ ಬಿಗಿಯಾಗುತ್ತವೆ. ನಾಲ್ಕನ್ನೂ ಪೂರ್ತಿ ಬಿಗಿ ಮಾಡಿದೆ. ಗಟ್ಟಿ ಸ್ಪ್ರಿಂಗು ಹಾಕಿದೆ. ತಿರುವಿನಲ್ಲಿ ಗಾಡಿ ವಾಲದಂತೆ ಎರಡು ಚಕ್ರಗಳ ನಡುವೆ ಹಿಡಿದಿಡುವ ಸಲಾಕೆ ಇರುತ್ತದಲ್ಲ, ಮುಂದೆ ಇದ್ದದ್ದಕ್ಕೆ ಜೋಡಿಯಾಗಿ ಹಿಂದೆಯೂ ಒಂದು ಹಾಕಿದೆ, ಹೆಬ್ಬೆರಳು ದಪ್ಪದ್ದು. ಗಾಡಿಯ ಮೂಲೆಯ ಮೇಲೆ ಮೈಭಾರ ಹಾಕಿ ಒತ್ತಿದೆ. ಅಲ್ಲಾಡಲಿಲ್ಲ.

ಇವರು ಕುರ್ಚಿಯಿಂದ, "ಜಾ... ಜಾಸ್ತಿ," ಅಂದರು.

"ಜಾಸ್ತಿ ಆದ್ರೆ ಒಳ್ಳೇದೇ ತಾನೆ? ಕಡಿಮೆ ಆಗೋದು ಬೇಡ," ಅಂದೆ.

ಮಾರ್ಚ್ ೧೫

ದೇವರೇ.

ಮುಚ್ಚಿದ ಕಾರ್ಖಾನೆಯೊಂದರ ಸಿಮೆಂಟಿನ ಅಂಗಳದಲ್ಲಿ ಓಡಿಸಿ ನೋಡಲು ಹೋಗಿದ್ದೆವು. ಮೈದುನನೂ ಬಂದಿದ್ದ. ಕೆಂಪಿ ರೈಲಿನಂತೆ ಹೋದಳು, ವಾಲಲಿಲ್ಲ, ಬಾಗಲಿಲ್ಲ. ನೋಡಿದೆಯಾ ಎಂದು ಮೈದುನನಿಗೆ ಹೇಳುತ್ತಿದ್ದೆ, ಅಷ್ಟರಲ್ಲಿ ಮೂರನೆಯ ಸುತ್ತಿನ ತಿರುವಿನಲ್ಲಿ ಹಿಂದಿನ ಚಕ್ರಗಳ ಹಿಡಿತ ತಪ್ಪಿ ಹಿಂಭಾಗ ಜಾರಿಹೋಯಿತು. ಎಚ್ಚರಿಕೆಯಿಲ್ಲ, ಸದ್ದಿಲ್ಲ. ಒಂದು ಸುತ್ತು, ಎರಡು ಸುತ್ತು, ಹೊಗೆ. ಗೋಡೆಗೆ ಒಂದು ಮಾರು ದೂರದಲ್ಲಿ ನಿಂತಿತು.

ನಾನು ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಬಾಗಿಲು ತೆಗೆದಾಗ ಕಡ್ಡಿ ಸ್ಟಿಯರಿಂಗ್ ಬಿಟ್ಟಿರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ.

"ಅಮ್ಮಾ, ನಂಗೆ ಏನೂ ಗೊತ್ತೇ ಆಗ್ಲಿಲ್ಲ. ಚೆನ್ನಾಗೇ ಇತ್ತು, ಆಮೇಲೆ ಇರ್ಲೇ ಇಲ್ಲ."

ವಾಪಸು ಬರುವಾಗ ಅವಳು ಸ್ಟಿಯರಿಂಗ್ ಮುಟ್ಟಲಿಲ್ಲ, ಮೈದುನ ಓಡಿಸಿದ.

ಮಾರ್ಚ್ ೧೬

ಇವರಿಗೆ ನಡೆದದ್ದನ್ನು ಹೇಳಿದೆ. ಬಹಳ ಹೊತ್ತು ಮಾತು ಕೂಡಿಸಿಕೊಂಡರು. ನಾನು ಮಾತು ತುಂಬಿಸಿಕೊಡಲಿಲ್ಲ, ಕಾದೆ.

"ಕೆಂಪಿ... ಮೊದ್ಲು ಹೇಳ್ತಿದ್ಲು. ವಾಲಿ... ಹೇಳ್ತಿದ್ಲು. ಜಾರ್ತೀನಿ ಅಂತ. ಈಗ... ಮೂಗಿ. ನನ್ ಹಾಗೆ."

ಅಷ್ಟು ಹೇಳುವಷ್ಟರಲ್ಲಿ ಬೆವತುಹೋದರು. ಒರೆಸಿದೆ. ಬೋಳು ತಿರುವಿನಿಂದ ಆ ವರ್ಷ ಬದುಕಿ ಬಂದದ್ದು ಹೇಗೆಂದು ಈಗ ತಿಳಿಯಿತು. ಗಾಡಿ ಮೊದಲೇ ಹೇಳಿತ್ತು, ಇವರು ಕೇಳಿಸಿಕೊಂಡಿದ್ದರು. ನಾನು ಮೈ ಗಟ್ಟಿ ಮಾಡಿದ್ದು ಸರಿ. ಮೈ ಗಟ್ಟಿ ಇದ್ದರೆ ಕಾಲು ಮೆತ್ತಗಿರಬಹುದು. ನಾನು ಹೆದರಿಕೆಯಲ್ಲಿ ಕಾಲನ್ನೂ ಕಟ್ಟಿಹಾಕಿದ್ದೆ. ಅತಿಯಾದರೆ ಅಮೃತವೂ ವಿಷ ಎಂದು ಊರಿಗೆಲ್ಲ ಹೇಳುವವಳು ನಾನೇ.

ಹಿಂದಿನ ಸಲಾಕೆ ಬಿಚ್ಚಿ ಮೂಲೆಗೆ ಎಸೆದೆ, ಶಾಕ್‌ಗಳನ್ನೂ ಸಡಿಲ ಮಾಡಿದೆ.

ಕಡ್ಡಿ ಬಂದಳು. ಸಲಾಕೆ ನೋಡಿದಳು. "ಅಮ್ಮಾ, ಬಿಟ್ಬಿಡೋಣ್ವಾ? ನನ್ ಕೈಲಿ ಆಗಲ್ಲ ಅನ್ಸತ್ತೆ."

ಜನವರಿಯಿಂದ ಈ ಒಂದು ಮಾತಿಗೆ ಕಾಯುತ್ತಿದ್ದೆ. ಬಿಡು ಕಂದಾ ಎಂದರೆ ಮುಗಿಯುತ್ತಿತ್ತು. ಆದರೆ ಆ ಮುಖ ನೋಡಿದೆ, ನಿನ್ನೆ ಸ್ಟಿಯರಿಂಗಿಗೆ ಅಂಟಿದ್ದ ಆ ಬೆರಳು ನೋಡಿದೆ. ಈ ಹೆದರಿಕೆ ಎಲ್ಲಿಯದೆಂದು ನನಗೆ ಗೊತ್ತು. ನನ್ನ ಮನೆಯದೇ. ಇದನ್ನು ಇವಳಿಗೆ ಬಿಟ್ಟುಹೋಗಲು ಮನಸ್ಸು ಬರಲಿಲ್ಲ.

"ಭಾನುವಾರ ಮತ್ತೆ ಹೋಗೋಣ. ನಾನೂ ಪಕ್ಕದಲ್ಲಿ ಕೂರ್ತೀನಿ," ಅಂದೆ.

ಹೇಳಿದ್ದು ನಾನೇನಾ?

ಮಾರ್ಚ್ ೨೨

ಇವತ್ತು ಇವರೂ ಅಂಗಳಕ್ಕೆ ಬಂದಿದ್ದರು. ಮೈದುನ ನನ್ನ ತಲೆಗೆ ಹೆಲ್ಮೆಟ್ಟು ಹಾಕಿದ. "ಅತ್ತಿಗೆ, ಒಳ್ಳೆ ಕುಂಬಳಕಾಯಿ ಥರ ಕಾಣ್ತಿದೀರ," ಅಂದ. ಬಾಯಿ ಮುಚ್ಚು ಅನ್ನಲೂ ಬಾಯಿ ಒಣಗಿತ್ತು. ಈ ಗಾಡಿಯ ಕೆಳಗೆ ಮಲಗಿ ನನ್ನ ಅರ್ಧ ಆಯಸ್ಸು ಕಳೆದಿದೆ. ಓಟದ ವೇಗದಲ್ಲಿ ಒಳಗೆ ಕೂತದ್ದು ಇದೇ ಮೊದಲು.

ಮೊದಲ ತಿರುವಿನಲ್ಲಿ ಕಣ್ಣು ಮುಚ್ಚಿದೆ. ಎರಡನೆಯದರಲ್ಲೂ. ಕಣ್ಣು ಮುಚ್ಚಿದ್ದಕ್ಕೇ ಇರಬೇಕು, ಸೊಂಟದಲ್ಲಿ ಗೊತ್ತಾಯಿತು. ಗಾಡಿ ಮೊದಲು ಒಂದಿಷ್ಟು ವಾಲಿ ಕೂರುತ್ತದೆ, ಆಮೇಲೆ ಹಿಂಭಾಗ ಮೆಲ್ಲಗೆ ಹೊರಗೆ ಸರಿಯುತ್ತದೆ.

"ಈಗ!" ಎಂದು ಕಿರುಚಿದೆ. ಅಷ್ಟರಲ್ಲಿ ಅವಳು ಸ್ಟಿಯರಿಂಗ್ ತಿರುಗಿಸಿ ಸರಿ ಮಾಡಿಯಾಗಿತ್ತು.

"ನಂಗೂ ಕೇಳಿಸ್ತಮ್ಮ!"

ಇಳಿದು ಹಿಂದಿನ ಶಾಕ್‌ಗಳನ್ನು ಇನ್ನಷ್ಟು ಸಡಿಲ ಮಾಡಿದೆ. ಮತ್ತೆ ಹತ್ತಿದೆ. ಮತ್ತೆ ಇಳಿದೆ. ಸಂಜೆಯಾಗುತ್ತಿದೆ, ಸಾಕು ಅಂದ ಮೈದುನ. ಇನ್ನೊಂದು ಸುತ್ತು ಅಂದಳು ಯಾರೋ. ಆಮೇಲೆ ಮೂವರೂ ನನ್ನ ಮುಖ ನೋಡಿ ನಕ್ಕರು, ಯಾಕೋ.

ಏಪ್ರಿಲ್ ೪

ನಾಳೆ. ಎರಡು ಸಲ ನಟ್ಟುಗಳ ಬಿಗಿ ನೋಡಿದೆ. ಇವತ್ತು ಬರೆಯಲಾರೆ.

ಏಪ್ರಿಲ್ ೫

ತಪಾಸಣೆಯವನು ಒಳಗೆ ಕೂತು ಬಾಗಿಲು ಎಳೆದುಕೊಂಡ. ಟಕ್. ತೆಗೆದ. ಮತ್ತೆ ಟಕ್. "ಯಾರು ಮಾಡಿದ್ದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಚೀಟಿ ಅಂಟಿಸಿ ಮುಂದಿನ ಗಾಡಿಗೆ ಹೋದ.

ಒಬ್ಬೊಬ್ಬರಿಗೂ ಎರಡು ಓಟ. ಮೊದಲನೆಯದಕ್ಕೆ ಕಡ್ಡಿ ಕೂತಳು, ಬೆಲ್ಟು ಕಟ್ಟಿಕೊಂಡಳು. ನನ್ನ ಕೈ ತನ್ನಷ್ಟಕ್ಕೇ ಹಿಡಿಯ ಕೆಳಗೆ ಹೋಯಿತು. ಎತ್ತುವ ಮೊದಲೇ ಅವಳು ಎರಡು ಬೆರಳಿನಲ್ಲಿ ಬಾಗಿಲು ಎಳೆದುಕೊಂಡಳು.

"ಅಮ್ಮಾ, ಕೈ ತೆಗಿ, ಸಿಕ್ಕಿಹಾಕ್ಕೊಳ್ಳತ್ತೆ."

ತೆಗೆದೆ. ಹೋದಳು.

ಕೆಳಗೆ ನಿಂತವರಿಗೆ ಬೆಟ್ಟದ ರಸ್ತೆ ಕಾಣುವುದಿಲ್ಲ, ಸದ್ದು ಮಾತ್ರ. ಬೋಳು ತಿರುವಿನ ಹತ್ತಿರ ಬೆಟ್ಟ ಆ ಸದ್ದನ್ನೂ ನುಂಗುತ್ತದೆ. ಇವರ ಗಾಲಿಕುರ್ಚಿಯ ಹಿಡಿ ಹಿಡಿದು ನಿಂತೆ. ಸದ್ದು ನಿಂತಿತು. ಆಮೇಲೆ ಆಚೆ ಬದಿಯಲ್ಲಿ ಎಂಜಿನ್ ಕೂಗಿತು.

ವಾಪಸು ಬಂದಾಗ ಅವಳ ಮುಖ ಬಿಳುಚಿತ್ತು. ಗಾಡಿಯಿಂದ ಇಳಿಯಲಿಲ್ಲ. ಬಾಗಿಲು ಅರೆ ತೆರೆದಿತ್ತು.

"ಆ ತಿರುವಲ್ಲಿ ಜಾರ್ತು ಅಮ್ಮ. ಕೆಳಗಡೆ ಕಾಣ್ತು, ಬರೀ ಗಾಳಿ. ಗಾಡಿ ಮೊದ್ಲೇ ಹೇಳ್ತು, ಹಿಡ್ಕೊಂಡೆ. ಆದ್ರೂ ತುಂಬಾ ಭಯ ಆಯ್ತು."

"ನಂಗೂ," ಅಂದೆ.

ಎರಡನೆಯ ಓಟಕ್ಕೆ ಕರೆದರು. ಹೋಗಬೇಡ ಎನ್ನಲು ಇದು ಕೊನೆಯ ಅವಕಾಶ ಎಂದು ನನಗೂ ಗೊತ್ತಿತ್ತು, ಇವರಿಗೂ. ಇವರು ನನ್ನನ್ನೇ ನೋಡುತ್ತಿದ್ದರು.

ಕಡ್ಡಿ ಬಾಗಿಲಿಗೆ ಕೈ ಹಾಕಿ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಮಗುವಿನಂತೆ, "ಈ ಸಲ ನೀನೇ ಹಾಕಮ್ಮ," ಅಂದಳು.

ಹಿಡಿಯ ಕೆಳಗೆ ಕೈ ಕೊಟ್ಟೆ. ಎತ್ತಬೇಕಿರಲಿಲ್ಲ, ಎತ್ತಲಿಲ್ಲ. ಆ ಗಾಡಿಯಲ್ಲಿ ಸಡಿಲವಾದದ್ದು, ಜೋತುಬಿದ್ದದ್ದು ಇನ್ನು ಏನೂ ಉಳಿದಿರಲಿಲ್ಲ, ನನ್ನ ಕೈಯೊಂದು ಬಿಟ್ಟು.

"ಹೋಗ್ ಬಾ," ಎಂದು ಹೇಳಿ ಮೆಲ್ಲಗೆ ನೂಕಿದೆ.

ಟಕ್ ಅಂದಿತು.

ಸದ್ದು ಮೇಲೆ ಹೋಯಿತು. ಬೋಳು ತಿರುವಿನ ಹತ್ತಿರ ನಿಂತಿತು. ಇವರು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು. ಆಮೇಲೆ ತಿರುವಿನ ಆಚೆ ಬದಿಯಲ್ಲಿ ಅವಳು ಗೇರು ಬದಲಿಸಿದ್ದು ಕೇಳಿಸಿತು.

"ಮೂ... ಮೂರು," ಅಂದರು ಇವರು.

"ಹೂಂ, ಮೂರನೇ ಗೇರು," ಅಂದೆ.